ಒಂದೇ ರೈಫಲ್, ಎರಡು ಕಣ್ಣು

ಭಾಮೈದನ ಜೊತೆ ಬೈಕ್ ಹಂಚಿಕೊಳ್ಳಬಹುದು. ಪೆಟ್ರೋಲ್ ಖಾಲಿ ಮಾಡಿ ತಂದು ನಿಲ್ಲಿಸ್ತಾನೆ, ಅಷ್ಟೇ. ಟಾರ್ಗೆಟ್ ರೈಫಲ್ ಮಾತ್ರ ಹಂಚಿಕೊಳ್ಳಬಾರದು. ಅದರ ಹಿಂದಿನ ಸೈಟಿಗೆ, ಅಂದರೆ ಕಣ್ಣಿಟ್ಟು ಗುರಿ ನೋಡುವ ಭಾಗಕ್ಕೆ, ಎರಡು ತಿರುಪು ಇರುತ್ತವೆ. ಒಂದು ಹೊಡೆತವನ್ನು ಮೇಲೆ ಕೆಳಗೆ ಸರಿಸುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ತಿರುಗಿಸುವಾಗ ಟಕ್ ಅನ್ನುವ ಒಂದೊಂದು ಹೆಜ್ಜೆಯೇ ಒಂದು ಕ್ಲಿಕ್. ನನ್ನ ಕಣ್ಣಿಗೆ ಕೂಡಿಸಿದ್ದು ಅವನ ಕಣ್ಣಿಗೆ ಕೂಡುವುದಿಲ್ಲ. ಅವನು ಕೆನ್ನೆ ಊರುವುದೇ ಬೇರೆ ಥರ. ಜೊತೆಗೆ ರೈಫಲನ್ನು ಒಂಚೂರು ವಾಲಿಸಿ ಹಿಡಿಯುವ ಚಟ. ಹಾಗಾಗಿ ನನ್ನ ಸರದಿ ಮುಗಿದ ಮೇಲೆ ಅವನು ಬಲಕ್ಕೆ ಹನ್ನೆರಡು ಕ್ಲಿಕ್ ತಿರುಗಿಸಬೇಕು, ಅವನದು ಮುಗಿದ ಮೇಲೆ ನಾನು ಎಡಕ್ಕೆ ಹನ್ನೆರಡು. ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆವು. ಮನೆಯ ಶಾಂತಿ ಆ ಪುಟದ ಮೇಲೆ ನಿಂತಿತ್ತು.

ನಮ್ಮ ಶೂಟಿಂಗ್ ರೇಂಜ್ ಎಂದರೆ ಬಳ್ಳಾರಿಯ ಕೌಲ್ ಬಜಾರಿನ ಕಡೆ ಪರಿಚಯದವರ ಒಂದು ಖಾಲಿ ಶೆಡ್. ಮುಂಚೆ ಅಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಹತ್ತು ಮೀಟರ್ ಉದ್ದ ಸಿಕ್ಕರೆ ಏರ್ ರೈಫಲ್‌ಗೆ ಸಾಕು. ಆ ತುದಿಗೆ ಪೆಲೆಟ್ ಅನ್ನುವ ಸಣ್ಣ ಗುಂಡುಗಳನ್ನು ಹಿಡಿಯುವ ಕಬ್ಬಿಣದ ಡಬ್ಬ, ಬಾಗಿಲಿಗೆ ಒಳಗಿಂದ ಚಿಲಕ, ತಲೆಯ ಮೇಲೆ ತಗಡು. ಏಪ್ರಿಲ್‌ನಲ್ಲಿ ಆ ತಗಡಿನ ಕೆಳಗೆ ದಪ್ಪ ಕ್ಯಾನ್ವಾಸ್ ಜಾಕೆಟ್ ಬಿಗಿದುಕೊಂಡು ನಿಂತು ನೋಡಿ. ಶೂಟಿಂಗ್ ಜಾಕೆಟ್ ಕಂಡುಹಿಡಿದವನು ಖಂಡಿತ ಬಳ್ಳಾರಿ ಕಡೆ ಬಂದವನಲ್ಲ.

ಹಳೇ ಸೈಟಿನ ತಿರುಪು ಸವೆದು ಸಡಿಲವಾಗಿತ್ತು. ಒಂದು ಕಡೆ ತಿರುಗಿಸಿ ವಾಪಸ್ ಬರುವಾಗ ಮೊದಲ ಎರಡು ಕ್ಲಿಕ್ ಬರೀ ಸದ್ದು ಮಾಡುತ್ತಿದ್ದವು, ಕೆಲಸ ಮಾಡುತ್ತಿರಲಿಲ್ಲ. ಹೊಸದು ತಗೊಳ್ಳೋಣ ಅಂತಾಯಿತು. ಜಗಳ ಶುರುವಾದದ್ದು ಅಲ್ಲಿಂದ. ಒಂದು ಕ್ಲಿಕ್ ಎಷ್ಟು ಸರಿಸಬೇಕು?

ಲೆಕ್ಕ ಸರಳ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಮಿನಿಟ್. ಈ ಮಿನಿಟಿನಷ್ಟು ಸರಿದರೆ ನೂರು ಮೀಟರಿನಲ್ಲಿ 29 ಮಿ.ಮೀ., ಹತ್ತು ಮೀಟರಿನಲ್ಲಿ 2.9 ಮಿ.ಮೀ. ನಮ್ಮ ಹಳೇ ಸೈಟಿನದು ಕಾಲು ಮಿನಿಟಿನ ಕ್ಲಿಕ್, ಅಂದರೆ ಹತ್ತು ಮೀಟರಿನಲ್ಲಿ ಸುಮಾರು 0.7 ಮಿ.ಮೀ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ನಟ್ಟನಡುವೆ ಹತ್ತು ಅಂಕದ ರಿಂಗು, ಹೊರತುದಿಗೆ ಒಂದರದು; ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ಈಗ ಪಾಯಿಂಟ್ ಹಾಕಿ ಅಂಕ ಕೊಡುತ್ತಾರಲ್ವಾ, 10.3, 10.4 ಅಂತ? ಆ 0.1 ಅಂದರೆ ಕಾಲು ಮಿಲಿಮೀಟರ್. ನಮ್ಮ ಒಂದು ಕ್ಲಿಕ್‌ಗೆ ಹೆಚ್ಚುಕಡಿಮೆ 0.3 ಅಂಕ ಅತ್ತಿತ್ತ ಆಗುತ್ತದೆ.

ಭಾಮೈದನ ತಕರಾರು ಇದೇ. "ಭಾವ, 10.2ರಿಂದ 10.3ಕ್ಕೆ ಹೋಗೋಕೆ ಇದರಲ್ಲಿ ದಾರೀನೇ ಇಲ್ಲ." ಅವನಿಗೆ 0.3 ಮಿ.ಮೀ. ಕ್ಲಿಕ್‌ನ ಸೈಟ್ ಬೇಕು. ಆ ವಾರ ಅವನು ಹೊಡೆದದ್ದರಲ್ಲಿ ಏಳು, ಎಂಟೇ ಜಾಸ್ತಿ ಎಂಬುದನ್ನು ಅವನ ಅಕ್ಕನ ಮುಂದೆ ನಾನು ಎತ್ತಲಿಲ್ಲ.

ನಾನು ಬಿಂದ್ರಾ ಕಥೆ ತೆಗೆದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ. ಫೈನಲ್‌ಗೆ ಮುಂಚೆ ಸೈಟ್ ನೋಡಿಕೊಳ್ಳಲು ಹೊಡೆದ ಶಾಟ್ ನಾಲ್ಕರ ಹತ್ತಿರ ಹೋಗಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಇದ್ದ ಸ್ವಲ್ಪ ಹೊತ್ತಿನಲ್ಲೇ ಸೈಟ್ ಸರಿಮಾಡಿಕೊಂಡು, ಕೊನೆಯ ಶಾಟ್ 10.8 ಹೊಡೆದರು. "ನೋಡು, ನಾಲ್ಕರಿಂದ ಹತ್ತಕ್ಕೆ ಆರು ರಿಂಗು, 15 ಮಿ.ಮೀ. ಕಾಲು ಮಿನಿಟಿಂದಾದರೆ ಇಪ್ಪತ್ತು ಕ್ಲಿಕ್. ನೀನು ಕೇಳೋದಾದರೆ ಐವತ್ತು. ಎಣಿಸೋಷ್ಟರಲ್ಲಿ ಟೈಮ್ ಮುಗಿದಿರುತ್ತೆ."

"ಅವರು ಬಿಂದ್ರಾ, ಭಾವ. ಅವರಿಗೆ ಎಣಿಸೋಕೆ ಬರುತ್ತೆ."

ಪಂಚಾಯ್ತಿ ಪಕ್ಕದ ಶೆಡ್ಡಿನ ಟೇಲರ್ ಚಾಚಾ ಹತ್ತಿರ ಹೋಯಿತು. ಚಾಚಾ ಟೇಪ್ ತಂದು ನಮ್ಮ ಟಾರ್ಗೆಟ್ ಕಾಗದದ ಐದು ತೂತುಗಳನ್ನು ಈ ಅಂಚಿಂದ ಆ ಅಂಚಿಗೆ ಅಳೆದರು. ಅರ್ಧ ಇಂಚಿಗೂ ಜಾಸ್ತಿ. ಟೇಪ್ ಕೊರಳಿಗೆ ಹಾಕಿಕೊಂಡು ಹೇಳಿದರು: "ಸಾರ್, ಜೀನ್ಸ್ ಸೊಂಟ ನಾವು ಕಾಲಿಂಚು ಹಿಡೀತೀವಿ, ಕಾಲಿಂಚು ಬಿಡ್ತೀವಿ. ಅದಕ್ಕಿಂತ ಸಣ್ಣದು ಮಾಡಿದರೆ ಉಸಿರು ಎಳಕೊಂಡಾಗ ಒಂದಳತಿ, ಬಿಟ್ಟಾಗ ಒಂದಳತಿ." ನನ್ನ ಪ್ರಕಾರ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೇ ಮಾತು ಯಾವ ಕೋಚೂ ಹೇಳಿಲ್ಲ. ಭಾಮೈದ ಒಪ್ಪಲಿಲ್ಲ. ದುಡ್ಡು ಅವನದು. ಸಣ್ಣ ಕ್ಲಿಕ್‌ನ ಸೈಟೇ ಬಂತು.

ಚಂದದ ವಸ್ತು, ಸುಳ್ಳು ಹೇಳಬಾರದು. ಬೆಟ್ಟು ಇಟ್ಟರೆ ತಿರುಪಿನ ಸಣ್ಣ ಗೀರುಗಳು ಚರ್ಮಕ್ಕೆ ಹತ್ತುತ್ತವೆ. ಒಂದೊಂದು ಕ್ಲಿಕ್ ಕಿವಿಗಿಂತ ಬೆರಳ ತುದಿಗೇ ಜಾಸ್ತಿ ಗೊತ್ತಾಗುತ್ತದೆ. ಮೊದಲು ನಾನು ನನ್ನ ಕಣ್ಣಿಗೆ ಕೂಡಿಸಿಕೊಂಡು ಮುಗಿಸಿದೆ. ಆಮೇಲೆ ಅವನು ವಗ್ಗರಣಿ, ಮಿರ್ಚಿ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು, ನೋಟ್‌ಬುಕ್ ತೆರೆದು, ಬಲಕ್ಕೆ ಹನ್ನೆರಡು ಕ್ಲಿಕ್ ತಿರುಗಿಸಿದ. ಹೊಡೆದ. ಎಡಕ್ಕೆ ಆರರ ರಿಂಗು.

ಇದರಲ್ಲಿ ಎರಡು ಮಜಾ ಇದ್ದವು. ನೋಟ್‌ಬುಕ್ಕಿನ ಹನ್ನೆರಡು ಹಳೇ ಸೈಟಿನ ದೊಡ್ಡ ಕ್ಲಿಕ್. ಹೊಸದರಲ್ಲಿ ಅದು ಅರ್ಧಕ್ಕಿಂತ ಕಡಿಮೆ ದೂರ. ಎರಡನೆಯದು ಬಾಣದ ಗುರುತು. ಹಳೇ ಸೈಟಿನ ಬಾಣ ಹೊಡೆತ ಯಾವ ಕಡೆ ಹೋಗಬೇಕೋ ಆ ಕಡೆ ತೋರಿಸುತ್ತಿತ್ತು. ಹೊಸದು ಜರ್ಮನ್ ಪದ್ಧತಿಯದು. ಹೊಡೆತ ಬಲಕ್ಕೆ ಹೋಗಿದ್ದರೆ ಬಲದ ಬಾಣದ ಕಡೆ ತಿರುಗಿಸಿ, ಎಡಕ್ಕೆ ಬರುತ್ತದೆ ಅನ್ನುವ ಲೆಕ್ಕ. ಅದು ಡಬ್ಬಿಯೊಳಗಿನ ಚೀಟಿಯಲ್ಲಿತ್ತು. ಚೀಟಿ ಓದುವ ಜಾಯಮಾನ ನನ್ನ ಹೆಂಡತಿಯ ತವರಿನ ಕಡೆ ಯಾರಿಗೂ ಇಲ್ಲ.

ಅವನು ಮೊಬೈಲಿನಲ್ಲಿ ಗುಣಾಕಾರ ಭಾಗಾಕಾರ ಮಾಡಿ ನಲವತ್ತೊಂದು ಕ್ಲಿಕ್ ಬೇಕು ಅಂದ. ಲೆಕ್ಕ ಸರಿಯಾಗಿಯೇ ಇತ್ತು. ಎಣಿಸತೊಡಗಿದ. ಪಕ್ಕದ ಶೆಡ್ಡಿನಲ್ಲಿ ಕರೆಂಟ್ ಬಂದು ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ಶುರುವಾದವು. ಟಕಟಕಟಕ. ಇಪ್ಪತ್ತಾರೋ ಇಪ್ಪತ್ತೆಂಟೋ ಗೊತ್ತಾಗದೆ ವಾಪಸ್ ತಿರುಗಿಸಿ ಮತ್ತೆ ಒಂದರಿಂದ ಹಿಡಿದ. ಅದೂ ಆಯಿತು. ಜಾಕೆಟ್ ಒಳಗೆ ಬೆವರು ಹರಿಯುತ್ತಿತ್ತು. ಹೊಡೆದ.

ಈ ಸಲ ಎಡಕ್ಕೆ ಒಂದರ ರಿಂಗು. ಇನ್ನೊಂದೆರಡು ಕೂದಲೆಳೆ ಆಚೆ ಹೋಗಿದ್ದರೆ ಸೊನ್ನೆ.

"ಸೈಟ್ ಕೆಟ್ಟಿದೆ ಭಾವ."

"ಹೂಂ" ಅಂದೆ. ಆ ಹೊತ್ತಿನಲ್ಲಿ ಭಾಮೈದನಿಗೆ ಬಾಣದ ಪಾಠ ಹೇಳುವುದಕ್ಕಿಂತ ಟೀ ತರಿಸುವುದು ವಾಸಿ.

ಕೋಚ್ ಸರ್‌ಗೆ ಫೋನ್ ಮಾಡಿದ. ಅವರು ಸೈಟ್ ವಿಷಯ ಬಿಟ್ಟು ಬೇರೆಯೇ ಕೇಳಿದರು: ಎಷ್ಟು ಶಾಟ್ ಹೊಡೆದು ತಿರುಪು ಮುಟ್ಟಿದೆ? ಒಂದು, ಅಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬೈಗುಳ. ಐದು ಹೊಡಿ, ಗುಂಪಿನ ನಡುಮಧ್ಯ ನೋಡು, ಅದನ್ನು ಸರಿಸು. ಒಂದೊಂದು ತೂತಿನ ಹಿಂದೆ ಓಡಿದರೆ ನೀನು ಸರಿಮಾಡ್ತಿರೋದು ಸೈಟಲ್ಲ, ನಿನ್ನ ನಡುಕ. ನಡುಕಕ್ಕೆ ಕ್ಲಿಕ್ ಇಲ್ಲ.

ಈಗ ತಿರುಪಿನ ಪಕ್ಕ ಬಿಳಿ ನೇಲ್ ಪಾಲಿಶ್‌ನಲ್ಲಿ ಎರಡು ಗುರುತು ಇವೆ, ಒಂದು ನನ್ನದು, ಒಂದು ಅವನದು. ಹಾಕಿದ್ದು ನನ್ನ ಹೆಂಡತಿ, ಬಾಟ್ಲಿಯೂ ಅವಳದೇ. ನಡುವೆ ಎಷ್ಟು ಕ್ಲಿಕ್ ಅಂತ ಎಣಿಸುವ ಗೋಜೇ ಇಲ್ಲ, ಗುರುತಿಗೆ ಗುರುತು ಕೂಡಿಸಿದರೆ ಆಯಿತು. ಸೈಟ್ ಬಗ್ಗೆ ಮಾತೂ ನಿಂತಿದೆ.

ಮೊನ್ನೆಯಿಂದ ಹೊಸದು ಹಿಡಿದಿದ್ದಾನೆ. ರೈಫಲಿನ ಮುಂದಿನ ಸೈಟಿನೊಳಗೆ ಹಾಕುವ ರಿಂಗು 3.8 ಮಿ.ಮೀ. ಇರಬೇಕೋ 3.9 ಇರಬೇಕೋ ಅಂತ. ಟೇಪ್ ಸಮೇತ ಚಾಚಾನನ್ನು ಕರೆಯಲು ಹೋಗಿದ್ದಾನೆ.