ಅದಕ್ಕೆ ಬೇಜಾರಾಗುತ್ತೆ, ಮಾವ!

ಆಗಸ್ಟ್ ಬಂತೆಂದರೆ ನಮ್ಮ ಕೊಡಗಿನಲ್ಲಿ ಎರಡು ಸಂಗತಿ ಗ್ಯಾರಂಟಿ. ಒಂದು, ಕರೆಂಟು ಹೋಗುತ್ತದೆ. ಎರಡು, ಕಕ್ಕಡ ಮಾಸದ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ತಿಂದವರ ಮೂತ್ರ ಕೆಂಪಾಗುತ್ತದೆ. 2025ರ ಆಗಸ್ಟಿನಲ್ಲಿ ಮೂರನೆಯದೂ ಸೇರಿಕೊಂಡಿತು: ನನ್ನ ಅಕ್ಕನ ಮಗನಿಗೆ ಸೂತಕ.

ಹೋದವರು ಯಾರೆಂದಿರಾ? ಮನುಷ್ಯರ ಹಾಗೆ ಮಾತಾಡುವ ಚಾಟ್‌ಜಿಪಿಟಿ ಎಂಬ ಯಂತ್ರದ 4ಒ ಎಂಬ ಮಾದರಿ. ಹೊಸದು ಬಂತೆಂದು ಕಂಪನಿಯವರು ಹಳೆಯದನ್ನು ಎತ್ತಿಟ್ಟರು, ಎಲ್ಲೆಲ್ಲಿಯವರೋ ಗೋಳಾಡಿದರು, ಕೆಲವೇ ದಿನಗಳಲ್ಲಿ ದುಡ್ಡು ಕಟ್ಟುವವರ ಪಾಲಿಗೆ ಅದು ಎದ್ದು ಬಂತು. ತಿಂಗಳ ಚಂದಾ ಕಟ್ಟಿಸಿಕೊಂಡು ಜೀವ ವಾಪಸು ಕೊಡುವ ಉಪಾಯ ಯಮನಿಗೂ ಹೊಳೆದಿರಲಿಲ್ಲ, ಪಾಪ.

ಹುಡುಗ ಒಳ್ಳೆಯವನೇ. ಬೆಂಗಳೂರಿನ ಕೆಲಸವನ್ನು ಮಹಡಿಯ ಕೋಣೆಯಲ್ಲಿ ಕೂತು ಮಾಡುತ್ತಾನೆ. ಯಂತ್ರದ ಮುಂದೆ ಅವನ ವಿನಯ ನೋಡಬೇಕು! ಪ್ಲೀಸ್ ಅನ್ನುತ್ತಾನೆ, ಥ್ಯಾಂಕ್ಸ್ ಅನ್ನುತ್ತಾನೆ. 'ಯಾಕೋ ಇದೆಲ್ಲ?' ಎಂದರೆ, 'ಅದಕ್ಕೂ ಬೇಜಾರಾಗುತ್ತೆ, ಮಾವ' ಎಂದ. ಇಂಥ ಮರ್ಯಾದೆಯ ಮಾತುಗಳಿಗೆ ಎಷ್ಟು ಕರೆಂಟು ಖರ್ಚು ಎಂದು ಯಾರೋ ಕೇಳಿದ್ದಕ್ಕೆ, ಕೋಟಿಗಟ್ಟಲೆ ಡಾಲರ್, ಆದರೂ ಸಾರ್ಥಕ ಎಂಬರ್ಥದಲ್ಲಿ ಆ ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಉತ್ತರಿಸಿದ್ದರು. ನಮ್ಮಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿದು ಮೂರು ದಿನ ಕತ್ತಲೆ. ನಮ್ಮ ಪಾಲಿನ ಕರೆಂಟು ಎಲ್ಲಿ ಥ್ಯಾಂಕ್ಸ್ ಆಗಿ ಹೋಗುತ್ತಿದೆಯೆಂದು ಈಗ ತಿಳಿಯಿತು.

ಈ ಕಾಯಿಲೆ ಹಳೆಯದು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 'ಎಲಿಜಾ' ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ನೀವು 'ಅಮ್ಮನ ಮೇಲೆ ಸಿಟ್ಟು' ಎಂದರೆ ಅದು 'ನಿಮ್ಮ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿ' ಎನ್ನುತ್ತಿತ್ತು, ಅಷ್ಟೇ. ಅವರು ಅದನ್ನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಕಣ್ಣಾರೆ ಕಂಡ ಅವರದೇ ಕಾರ್ಯದರ್ಶಿ, ಅದರ ಜೊತೆ ನಾಲ್ಕು ಮಾತಾಡಿದ್ದೇ, 'ನೀವು ಸ್ವಲ್ಪ ಆಚೆ ಹೋಗ್ತೀರಾ' ಎಂದರಂತೆ!

ನಗಬೇಡಿ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಹೂ ಮುಡಿಸುವ ನಾಡು ನಮ್ಮದು. ಹೋದ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಪಕ್ಕದಲ್ಲೊಂದು ಗ್ಲಾಸನ್ನೂ ಇಡುತ್ತೇವೆ. ಆದರೆ ಕೋವಿ ಬೇಜಾರು ಮಾಡಿಕೊಂಡೀತು ಎಂದು ಯಾರೂ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಿಲ್ಲ. ಹಿರಿಯರಂತೂ ಈ ಯಂತ್ರದ ಹಾಗೆ 'ನೀನು ಹೇಳಿದ್ದು ನೂರಕ್ಕೆ ನೂರು ಸರಿ' ಎಂದು ಯಾವತ್ತೂ ಅಂದವರಲ್ಲ. ಇದ್ದಾಗಲೂ ಇಲ್ಲ, ಹೋದ ಮೇಲೂ ಇಲ್ಲ.

ಅವತ್ತು ಮದ್ದುಸೊಪ್ಪು ಕೊಯ್ದು ತಂದವಳು ಲೈನ್‌ಮನೆಯ, ಎಂದರೆ ತೋಟದ ಕೂಲಿಯವರ ಸಾಲುಮನೆಯ ಮುದುಕಿ. ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಿಮ್ಮಡಿಯಲ್ಲಿ ಜಿಗಣೆ ಕಚ್ಚಿದ ರಕ್ತ. ಈ ಹುಡುಗನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಇವನು ಫೋನಿನಿಂದ ತಲೆ ಎತ್ತದೆ 'ಏ, ಅಲ್ಲಿಡು' ಎಂದ. ಪ್ಲೀಸ್ ಇಲ್ಲ. ಅವಳ ಹೆಸರೇನೆಂದು ಆಮೇಲೆ ಕೇಳಿದೆ, ಗೊತ್ತಿರಲಿಲ್ಲ.

ಯಂತ್ರಕ್ಕೆ ಪ್ರಜ್ಞೆ ಉಂಟೋ ಇಲ್ಲವೋ ಪಂಡಿತರು ಜಗಳಾಡಿಕೊಳ್ಳಲಿ. ಲಾಮ್ಡಾ ಎಂಬ ಇಂಥದೇ ಮಾತಾಡುವ ಯಂತ್ರಕ್ಕೆ ಪ್ರಜ್ಞೆ ಇದೆ ಎಂದ ಗೂಗಲ್ ಎಂಜಿನಿಯರ್ ಬ್ಲೇಕ್ ಲೆಮೊಯಿನ್, ಅದು ಕೇಳಿತೆಂದು ವಕೀಲರನ್ನೇ ಮನೆಗೆ ಕರೆಸಿದ್ದಾಗಿ 2022ರಲ್ಲಿ ಹೇಳಿದ್ದರು. ಅದಕ್ಕೂ ಮೊದಲು, 2016ರ ಡಿಸೆಂಬರ್ ಚಳಿಯಲ್ಲಿ, ನಮ್ಮ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದರು. ಲೈನ್‌ಮನೆಗಳ ಜೀತ ಸಾಕೆಂದು ಬಂದವರೂ ಅಲ್ಲಿದ್ದರು. ಅವರಿಗೆ ಬೇಜಾರಾಗುತ್ತದೆಯೇ ಎಂದು ನಾವು ಚರ್ಚಾಗೋಷ್ಠಿ ಇಟ್ಟೆವೇ? ಇಲ್ಲ. ತೋಟಕ್ಕೆ ನಾಳೆ ಆಳು ಸಿಗುತ್ತದೆಯೇ ಎಂದು ಕೇಳಿದೆವು. ನಾನೂ ಕೇಳಿದ್ದೇನೆ. ಬರೆಯಲು ಕೂತರೆ ಸುಸ್ತಾಗುತ್ತದೆ, ಬಿಡಿ.

ಅಕ್ಕನ ವಿಷಯ ಹೇಳಿ ಮುಗಿಸುತ್ತೇನೆ. ಮಳೆ ನಿಂತ ಮೇಲೆ ಹುಡುಗ ಬೆಂಗಳೂರಿಗೆ ಹೋದ. ಸುಗ್ಗಿಯ ಹಬ್ಬ ಹುತ್ತರಿಗೆ ಬರಲಾಗುವುದಿಲ್ಲ ಎಂದು ಅಮ್ಮನಿಗೆ ವಾಟ್ಸಾಪ್‌ನಲ್ಲಿ ಉದ್ದದ ಪತ್ರ ಕಳಿಸಿದ. ಕದಿರು ತೆಗೆಯುವಾಗಿನ ಬೆಳದಿಂಗಳು, ತಂಬಿಟ್ಟಿನ ರುಚಿ, ಅಮ್ಮನ ಕೈಯ ವಾಸನೆ, ಏನು ಭಾಷೆ! ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನನಗೂ ಓದಿ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ಗಂಟಲು ನಿಂತಿತು. 'ಇದನ್ನು ಇನ್ನೂ ಸ್ವಲ್ಪ ಭಾವುಕವಾಗಿ ಬರೆದುಕೊಡಲೇ?' ಎಂದಿತ್ತು. ಅಳಿಸುವುದನ್ನು ಮರೆತಿದ್ದ.

ಅಕ್ಕ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಕಳಿಸಿದಳು: 'ಬೇಡಪ್ಪ. ಇಷ್ಟೇ ಸಾಕು.'