ವಾಲಿಗೂ ನೆಟ್‌ವರ್ಕ್ ಬೇಕಂತೆ

ಅಡಿಕೆಯ ಕೊನೆಕೊಯ್ಲಿನ ಕಾಲ ಬಂದರೆ ನಾನು ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಠಿಕಾಣಿ ಹೂಡುವುದು ನಿಮಗೆಲ್ಲ ಗೊತ್ತೇ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ನಾನು ಎಷ್ಟು ನಿಷ್ಪ್ರಯೋಜಕ ಎಂಬುದೂ ಗೊತ್ತಿದೆ. ನಿನ್ನೆ ರಾತ್ರಿ ಅಡಿಕೆ ಸುಲಿಯಲು ಜನ ಕೂತಾಗ, ಸುಲಿಯಲು ಬಾರದವನು ತಾಳಮದ್ದಳೆಯನ್ನಾದರೂ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಹಾಕಲಿ ಎಂದು ಚಿಕ್ಕಮ್ಮ ಅಪ್ಪಣೆ ಕೊಡಿಸಿದರು. ಹಾಡು ಕೇಳುವುದಕ್ಕೆಂದೇ ಸಿಮ್ ತೆಗೆದು ಇಟ್ಟುಕೊಂಡಿರುವ ಹಳೆಯ ಫೋನಿನಲ್ಲಿ ವಾಲಿ–ರಾಮರ ಸಂವಾದವನ್ನು ನಾನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟಿದ್ದೆ. ಒತ್ತಿದೆ. ನನ್ನ ಚಂದಾ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಬೇಕಾಗಿದೆ, ದಯವಿಟ್ಟು ಇಂಟರ್‌ನೆಟ್ಟಿಗೆ ಬನ್ನಿ ಎಂದು ಆ್ಯಪ್ ವಿನಯದಿಂದ ಕೇಳಿಕೊಂಡಿತು. ರಾಮ ಬಾಣ ಹೂಡುವ ಮೊದಲೇ ವಾಲಿ ಬಿದ್ದ. "ಗುಡ್ಡೆ ತಲೆಗೆ ಹೋದ್ರೆ ಟವರ್ ಸಿಗ್ತದೆ, ಅಣ್ಣಯ್ಯ" ಎಂದು ಪಕ್ಕದ ಮನೆಯ ಹುಡುಗ ಹೇಳಿದ. ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಹಿಡಿದು ಗುಡ್ಡ ಹತ್ತಿ, ನಾನು ಬಾಡಿಗೆ ಕಟ್ಟಿದ್ದೇನೆ ಸ್ವಾಮಿ ಎಂದು ಆಕಾಶಕ್ಕೆ ಅರಿಕೆ ಮಾಡಿಕೊಂಡು ಬರಬೇಕು!

ಫೈಲು ಫೋನಿನಲ್ಲೇ ಇದೆ, ಜಾಗವನ್ನೂ ತಿಂದಿದೆ, ತಿಂಗಳು ತಿಂಗಳು ದುಡ್ಡೂ ಹೋಗುತ್ತಿದೆ, ಆದರೆ ತಿಂಗಳಿಗೊಮ್ಮೆಯಾದರೂ ಧಣಿಗಳಿಗೆ ಮುಖ ತೋರಿಸದಿದ್ದರೆ ಅದು ಬಾಯಿ ಬಿಡುವುದಿಲ್ಲ. ನಮ್ಮದೇ ಪಣತದಲ್ಲಿರುವ ಭತ್ತಕ್ಕೆ ಬೇರೆ ಯಾರೋ ಬೀಗ ಹಾಕಿಕೊಂಡು ಹೋದ ಹಾಗಾಯಿತು. ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಎಂಪಿತ್ರೀ ಪ್ಲೇಯರುಗಳನ್ನು ಕಂಪನಿಗಳು ಒಂದೊಂದಾಗಿ ನಿಲ್ಲಿಸಿದ್ದರ ಬಗ್ಗೆ ನನಗಿರುವ ಸಿಟ್ಟು ಹಳೆಯದೇ; ನಿನ್ನೆ ಅದಕ್ಕೆ ಹೊಸದಾಗಿ ತುಪ್ಪ ಬಿತ್ತು.

ಆ ಯಂತ್ರಗಳು ಕೆಟ್ಟವು ಎಂದೇನೂ ನಿಂತದ್ದಲ್ಲ. 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ಮೊದಲ ಐಪಾಡನ್ನು ತೋರಿಸಿ, 5 ಜಿಬಿಯಲ್ಲಿ ಸಾವಿರ ಹಾಡು ಕಿಸೆಗೆ ಬಂತು ಎಂದು ಬೀಗಿತು. 2014ರಲ್ಲಿ ಕ್ಲಾಸಿಕ್ ಮಾದರಿಯನ್ನು ನಿಲ್ಲಿಸಿದಾಗ, ಅದರ ಬಿಡಿಭಾಗಗಳೇ ಎಲ್ಲೂ ಸಿಗುತ್ತಿಲ್ಲ ಎಂದು ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೇಳಿದರು. ಅದನ್ನು ಬೇಕಾದರೆ ಒಪ್ಪಿಕೊಳ್ಳೋಣ. ಆದರೆ 2017ರಲ್ಲಿ ನಿಂತುಹೋದ ನ್ಯಾನೋ ಮತ್ತು ಷಫಲ್ ಎಂಬ ಪುಟಾಣಿಗಳ ಕಥೆಯನ್ನು ನೋಡಿ. 2015ರಲ್ಲಿ ಅದೇ ಕಂಪನಿ ಶುರು ಮಾಡಿದ ಚಂದಾ ಸೇವೆಯ ಹಾಡುಗಳನ್ನು ಅದೇ ಕಂಪನಿಯ ಈ ಎರಡು ಯಂತ್ರಗಳಿಗೆ ತುಂಬಿಸಿಕೊಳ್ಳಲು ಆಗುತ್ತಿರಲಿಲ್ಲ, ಏಕೆಂದರೆ ಅವುಗಳಲ್ಲಿ ವೈ-ಫೈ ಇರಲಿಲ್ಲ, ಮಾಲೀಕ ಬಾಡಿಗೆ ಕಟ್ಟಿದ್ದಾನೋ ಇಲ್ಲವೋ ಎಂದು ಆಗಾಗ ವಿಚಾರಿಸಿ ನೋಡುವ ದಾರಿಯೇ ಅವಕ್ಕೆ ಇರಲಿಲ್ಲ. ಚಾಡಿ ಹೇಳಲು ಬಾರದ ಆಳನ್ನು ಯಾವ ಧಣಿ ತಾನೇ ಇಟ್ಟುಕೊಳ್ಳುತ್ತಾನೆ? 2022ರ ಮೇ ತಿಂಗಳಲ್ಲಿ ಐಪಾಡ್ ಟಚ್ ಕೂಡ ಹೋಯಿತು. ಮೈಕ್ರೋಸಾಫ್ಟಿನ ಜೂನ್ (Zune) ಎಂಬ ಪ್ಲೇಯರು ಅದಕ್ಕೂ ಬಹಳ ಮೊದಲೇ, 2011ರಲ್ಲೇ ಕಣ್ಣು ಮುಚ್ಚಿತ್ತು. ಅದಕ್ಕಾಗಿ ನಮ್ಮೂರಲ್ಲಿ ಯಾರೂ ಅತ್ತದ್ದು ನಾನು ಕಾಣೆ.

ಹಳೆಯದೆಲ್ಲ ಚೆನ್ನ ಎಂದು ಕನವರಿಸುವವನು ನಾನಲ್ಲ. 1979ರ ಜುಲೈನಲ್ಲಿ ಸೋನಿಯವರು ಜಪಾನಿನಲ್ಲಿ ಬಿಡುಗಡೆ ಮಾಡಿದ ವಾಕ್‌ಮನ್‌ನ ವಂಶದವುಗಳನ್ನು ನಾನೂ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ್ದೇನೆ, ಸೆಲ್ಲಿನ ದುಡ್ಡಿಗಾಗಿ ಅಪ್ಪನ ಮುಂದೆ ಕೈಕಟ್ಟಿ ನಿಂತಿದ್ದೇನೆ. ಮಲೆನಾಡಿನ ಮಳೆಗಾಲವನ್ನು ಕ್ಯಾಸೆಟ್ಟಿನ ಜೊತೆ ಕಳೆದವರಿಗೆ ಅದರ ಪಾಡು ಗೊತ್ತು: ಆಷಾಢ ಮುಗಿಯುವಷ್ಟರಲ್ಲಿ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು, ಹೆಡ್ಡಿಗೆ ಸ್ಪಿರಿಟ್ ಹಚ್ಚಿದ ಹತ್ತಿ, ಆಮೇಲೂ ಬಚ್ಚಲಿನಿಂದ ಹಾಡಿದಂತೆ ಕೇಳುವ ಭಾಗವತರ ಸ್ವರ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ ಮಾತ್ರವಾದ್ದರಿಂದ, ತಾಳಮದ್ದಳೆಯ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದ ಸರಿಯಾಗಿ ಕಾವೇರುವ ಹೊತ್ತಿಗೆ ಟಕ್ಕೆಂದು ಗುಂಡಿ ಎದ್ದುಬಿಡುತ್ತಿತ್ತು. ಅದು ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ.

ನನ್ನ ದುಃಖವೆಲ್ಲ ಸ್ಯಾನ್‌ಡಿಸ್ಕ್ ಕಂಪನಿಯ ಸಾನ್ಸಾ ಕ್ಲಿಪ್ ಪ್ಲಸ್ ಬಗ್ಗೆ. 2009ರಲ್ಲಿ ಬಂದ, ಅಂಗೈಯೊಳಗೆ ಮುಚ್ಚಿಹೋಗುವ ಈ ಕಪ್ಪು ಡಬ್ಬಿಯ ಬೆನ್ನಿಗೆ ಅಂಗಿಗೆ ಸಿಕ್ಕಿಸುವ ಕ್ಲಿಪ್ಪು, ಬದಿಯಲ್ಲಿ ಮೆಮೊರಿ ಕಾರ್ಡಿನ ಸಂದಿ, ಒಳಗೆ ಎಫ್‌ಎಂ ರೇಡಿಯೊ, ಮುಂದುಗಡೆ ನಿಜವಾದ ಗುಂಡಿಗಳು. ಹಸಿ ಅಡಿಕೆಯ ರಸದಿಂದ ಕಪ್ಪಾಗಿ ಅಂಟಂಟಾದ ಬೆರಳನ್ನು ಟಚ್‌ಸ್ಕ್ರೀನ್ ಗುರುತಿಸುವುದಿಲ್ಲ, ಗುರುತಿಸಿದರೂ ತಪ್ಪು ಜಾಗದಲ್ಲಿ ಗುರುತಿಸುತ್ತದೆ; ಕ್ಲಿಪ್ಪನ್ನಾದರೋ ಜೇಬಿನ ಮೇಲಿನಿಂದಲೇ, ಸುಲಿಯುವ ಅಡಿಕೆಯಿಂದ ಕಣ್ಣು ತೆಗೆಯದೆ, ಹೆಬ್ಬೆರಳಿನಲ್ಲಿ ತಡವಿ ನಿಲ್ಲಿಸಬಹುದಾಗಿತ್ತು. ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಅದಕ್ಕೆ ತುಂಬಿಕೊಂಡರೆ, ನಿದ್ದೆ ಬಂದು ನಿಲ್ಲಿಸಿದ ಮಾತಿನಿಂದಲೇ ಮರುದಿನ ಶುರು ಮಾಡುತ್ತಿತ್ತು. ಬರಿಯ ಮಾತಿಗೆ ಸಾಕಾಗುವ 64 ಕೆಬಿಪಿಎಸ್ ದರ್ಜೆಯಲ್ಲಿ ಒಂದು ಗಂಟೆಯ ತಾಳಮದ್ದಳೆ 29 ಎಂಬಿಯೊಳಗೆ ಮುಗಿಯುತ್ತದೆ. 4 ಜಿಬಿಯಲ್ಲಿ 130 ಗಂಟೆಗೂ ಮಿಕ್ಕಿ ಹಿಡಿಸುತ್ತದೆ. ಇಡೀ ಸುಲಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಎಂಪಿತ್ರೀ ಫೈಲನ್ನು ಫೋನಿಗೇ ಹಾಕಿಕೊಳ್ಳಬಹುದಲ್ಲ, ಸೋನಿಯವರು ಈಗಲೂ ವಾಕ್‌ಮನ್ ಮಾಡುತ್ತಾರಲ್ಲ ಎಂದು ಕೆಲವರು ಕಮೆಂಟಿಗೆ ಈಗಾಗಲೇ ಬೆರಳು ಮಡಚಿಕೊಂಡಿರುತ್ತೀರಿ. ಧಾರಾಳವಾಗಿ ಹಾಕಿಕೊಳ್ಳಬಹುದು. ಆದರೆ ಕಾರ್ಡಿನ ಸಂದಿ ಫೋನುಗಳಿಂದ ಮಾಯವಾಗುತ್ತಿದೆ, 2016ರ ಐಫೋನ್ 7 ಇಯರ್‌ಫೋನಿನ ತೂತನ್ನು ಮುಚ್ಚಿದ ಮೇಲೆ ಮಿಕ್ಕವರೂ ಅದೇ ಹಾದಿ ಹಿಡಿದಿದ್ದಾರೆ, ಕ್ಯಾಸೆಟ್ ಮತ್ತು ಸಿಡಿ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಫೋನಿನ ಕವರ್ ಮಾರುತ್ತಾರೆ. ಫೈಲನ್ನು ನ್ಯಾಯವಾಗಿ ದುಡ್ಡು ಕೊಟ್ಟು ಕೊಳ್ಳುವುದಾದರೂ ಎಲ್ಲಿ? ಸೋನಿಯ ಹೊಸ ವಾಕ್‌ಮನ್‌ಗಳಲ್ಲಿ ಹಲವು ಆಂಡ್ರಾಯ್ಡ್ ತುಂಬಿದವು, ಅಂದರೆ ಕರೆ ಮಾಡಲು ಬಾರದ ದುಬಾರಿ ಫೋನುಗಳು. ಅಡಿಕೆಗೆ ಎಷ್ಟೇ ರೇಟು ಬರಲಿ, ಅದನ್ನು ಕೊಳ್ಳುವ ಮನಸ್ಸು ನನಗಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿದ್ದೆ. ನಮ್ಮಪ್ಪ ಊರಿನ ದೇವಸ್ಥಾನದಲ್ಲಿ ಒಮ್ಮೆ ತಾಳಮದ್ದಳೆಯಲ್ಲಿ ರಾಮನ ಅರ್ಥ (ಪಾತ್ರದ ಮಾತು) ಹೇಳಲು ಕೂತು, ವಾಲಿಯ ಪ್ರಶ್ನೆಗೆ ಉತ್ತರ ತೋಚದೆ ತಡವರಿಸಿ, ಕೊನೆಗೆ ತಾವೇ ನಕ್ಕುಬಿಟ್ಟಿದ್ದರು. ಆ ಕ್ಯಾಸೆಟ್ಟನ್ನು ಬೂಸ್ಟು ತಿನ್ನುವ ಮೊದಲು ಕಂಪ್ಯೂಟರಿಗೆ ಇಳಿಸಿ ಕ್ಲಿಪ್ಪಿಗೆ ಹಾಕಿಕೊಂಡಿದ್ದೆ. ಕೋಟಿಗಟ್ಟಲೆ ಹಾಡುಗಳಿವೆ ಎಂದು ಜಾಹೀರಾತು ಕೊಡುವ ಯಾವ ಆ್ಯಪಿನಲ್ಲೂ ಆ ನಗು ಇಲ್ಲ, ಇರುವುದೂ ಬೇಡ. ತಿಂಗಳಿಗೊಮ್ಮೆ ಅಪ್ಪಣೆ ಕೇಳಿ ಅಪ್ಪನ ಮಾತು ಕೇಳುವ ಸ್ಥಿತಿ ನನ್ನ ಶತ್ರುವಿಗೂ ಬಾರದಿರಲಿ.

ಈಗ ಆ ಕ್ಲಿಪ್ಪಿನ ಬ್ಯಾಟರಿ ಸತ್ತಿದೆ. ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದರೆ, "ಇದಕ್ಕೆಲ್ಲ ಈಗ ಬ್ಯಾಟರಿ ಬರೋದಿಲ್ಲ ಸರ್, ಬ್ಲೂಟೂತ್ ಸ್ಪೀಕರ್ ತಗೊಳ್ಳಿ" ಎಂಬ ಉಪದೇಶ ಸಿಕ್ಕಿತು. ಆದ್ದರಿಂದ ಶಿವಮೊಗ್ಗ, ಸಾಗರ, ಹೊಸನಗರದ ಕಡೆಯ ಸ್ನೇಹಿತರಲ್ಲಿ ಒಂದು ವಿನಂತಿ: ನಿಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ, ಹಳೆಯ ಚಾರ್ಜರುಗಳ ಗೋಜಲಿನ ನಡುವೆ ಇಂಥದ್ದೊಂದು ಪ್ಲೇಯರು ಬಿದ್ದಿದ್ದರೆ ಕಸದ ಗಾಡಿಗೆ ಹಾಕಬೇಡಿ, ನನಗೊಂದು ಮಾತು ತಿಳಿಸಿ. ಪರದೆ ಒಡೆದಿದ್ದರೂ ಅಡ್ಡಿಯಿಲ್ಲ, ಬ್ಯಾಟರಿ ಜೀವಂತ ಇದ್ದರೆ ಸಾಕು; ನಾನೇ ಬಂದು ಒಯ್ಯುತ್ತೇನೆ. ಬದಲಿಗೆ ಅಡಿಕೆ ಕೇಳಬೇಡಿ, ಬಾಳೆಕಾಯಿ ಎಷ್ಟು ಬೇಕಾದರೂ ಕೊಡೋಣ.