ಐದು ಎಕರೆ ಮರುಭೂಮಿ ಕೊಳ್ಳುವ ಮುನ್ನ ನೀರು ಹುಡುಕಿ

ಅಮೆರಿಕದಲ್ಲಿರುವ ನಮ್ಮ ಗೆಳೆಯರು ಈಚೆಗೆ ಒಂದೇ ಬಗೆಯ ಜಾಹೀರಾತುಗಳನ್ನು ನನಗೆ ಕಳಿಸಿ ಅಭಿಪ್ರಾಯ ಕೇಳುತ್ತಿದ್ದಾರೆ. ಅರಿಝೋನಾದಲ್ಲೋ ನ್ಯೂ ಮೆಕ್ಸಿಕೋದಲ್ಲೋ ಕೊಲರಾಡೋದ ಸ್ಯಾನ್ ಲೂಯಿಸ್ ಕಣಿವೆಯಲ್ಲೋ ಐದು ಎಕರೆ ಜಮೀನು. ಬೆಲೆ ಕೆಲವೇ ಸಾವಿರ ಡಾಲರ್. ತಿಂಗಳ ಕಂತಿನಲ್ಲಿ ತೀರಿಸಬಹುದು, ನಿಮ್ಮ ಹಳೆಯ ಸಾಲಗಳ ದಾಖಲೆ ಕೇಳುವುದಿಲ್ಲ. ಸೋಲಾರ್ ಹಾಕಿಕೊಂಡು, ಚಿಕ್ಕ ಮನೆ ಕಟ್ಟಿಕೊಂಡು, ಯಾವ ಬಿಲ್ಲಿನ ಹಂಗೂ ಇಲ್ಲದೆ ಬದುಕಬಹುದಲ್ಲ ಎಂಬ ಆಸೆ ಅವರ ಮಾತಿನಲ್ಲಿರುತ್ತದೆ. ಆ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಾಲದ ಕಂತಿಗೆ ಇಡೀ ಆಯುಷ್ಯ ಬರೆದುಕೊಡುವುದಕ್ಕಿಂತ ಸ್ವಂತ ನೆಲದಲ್ಲಿ ಸರಳವಾಗಿರುತ್ತೇನೆ ಅನ್ನುವವರ ಬಗ್ಗೆ ನನಗೆ ಗೌರವವಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈ ಜಮೀನುಗಳಲ್ಲಿ ಬಹುಪಾಲು ಯಾರಾದರೂ ಬಂದು ವಾಸ ಮಾಡಲಿ ಎಂದು ವಿಂಗಡಿಸಿದ್ದೇ ಅಲ್ಲ, ಮಾರುವುದಕ್ಕೆಂದು ವಿಂಗಡಿಸಿದ್ದು. ಬೆಲೆ ಕಡಿಮೆ ಇರುವುದು ನೀರನ್ನು ಲೆಕ್ಕದಿಂದ ಹೊರಗಿಟ್ಟಿರುವುದರಿಂದ.

ಮರುಭೂಮಿಯ ತುಂಡು ಜಮೀನಿನ ವ್ಯಾಪಾರ ಯೂಟ್ಯೂಬ್ ಕಾಲದ್ದಲ್ಲ. 1938ರಲ್ಲಿ ಅಮೆರಿಕದ ಸಂಸತ್ತು ಸಣ್ಣ ನಿವೇಶನಗಳ ಕಾಯ್ದೆ ತಂದು, ನೀರಾವರಿಗೆ ಒದಗದ ಸರ್ಕಾರಿ ಜಾಗವನ್ನು ಐದೈದು ಎಕರೆಯಾಗಿ ಜನರಿಗೆ ಕೊಡತೊಡಗಿತು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ, ಟ್ವೆಂಟಿನೈನ್ ಪಾಮ್ಸ್ ಊರಿನ ಪೂರ್ವಕ್ಕೆ ವಂಡರ್ ವ್ಯಾಲಿ ಎಂಬಲ್ಲಿ ಹಾಗೆ ಬಂದವರು ಕಟ್ಟಿದ ಪುಟ್ಟ ಮನೆಗಳು ಇವತ್ತಿಗೂ ಇವೆ. ಬಹಳಷ್ಟರ ಸೂರು ಹಾರಿಹೋಗಿದೆ, ಕಿಟಕಿಗಳು ಬರಿದಾಗಿವೆ. ಕಟ್ಟಿದವರು ಸೋಮಾರಿಗಳೇನಲ್ಲ, ಅವರಿಗೆ ನೀರು ಸಿಗಲಿಲ್ಲ. 1958ರಲ್ಲಿ ನ್ಯಾಟ್ ಮೆಂಡೆಲ್ಸನ್ ಎಂಬ ಉದ್ಯಮಿ ಅದೇ ಮೊಹಾವಿಯಲ್ಲಿ ಸುಮಾರು 80,000 ಎಕರೆ ಕೊಂಡು ಕ್ಯಾಲಿಫೋರ್ನಿಯಾ ಸಿಟಿ ಎಂಬ ಮಹಾನಗರದ ನಕ್ಷೆ ಬರೆಸಿದರು. ವಿಸ್ತೀರ್ಣದಲ್ಲಿ ಅದು ಇಂದು ಆ ರಾಜ್ಯದ ಮೂರನೇ ಅತಿ ದೊಡ್ಡ ನಗರ, ಅಲ್ಲಿರುವವರು ಮಾತ್ರ ಹದಿನೈದು ಸಾವಿರದ ಆಸುಪಾಸು. ಮೇಲಿನಿಂದ ನೋಡಿದರೆ ಮೈಲಿಗಟ್ಟಲೆ ರಸ್ತೆಗಳ ಗೆರೆ ಕಾಣುತ್ತದೆ, ಮನೆಗಳೇ ಇಲ್ಲ. ನಿಮಗೆ ಜಾಹೀರಾತಿನಲ್ಲಿ ಕಾಣುವ ಕೊಲರಾಡೋದ ಕಾಸ್ಟಿಯಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಐದೆಕರೆ ತುಂಡುಗಳೂ ಸುಮಾರು ಐವತ್ತು ವರ್ಷದ ಹಿಂದೆ ದೊಡ್ಡ ಜಹಗೀರುಗಳನ್ನು ಸಾವಿರಾರು ಭಾಗ ಮಾಡಿ, ನೋಡದೇ ಕೊಳ್ಳುವವರಿಗೆ ಮಾರಿದವೇ.

ಮೋಸ ಹೆಚ್ಚಾಗಿ 1968ರಲ್ಲಿ ಒಂದು ಕೇಂದ್ರ ಕಾಯ್ದೆಯೇ ಬಂತು: ಬೇರೆ ರಾಜ್ಯದವರಿಗೆ ನಿವೇಶನ ಮಾರುವ ದೊಡ್ಡ ಕಂಪನಿ ಜಾಗದ ಪೂರ್ತಿ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು. 25ಕ್ಕಿಂತ ಕಡಿಮೆ ನಿವೇಶನಗಳಿದ್ದರೆ ಅದು ಅನ್ವಯಿಸುವುದಿಲ್ಲ. ಇಂದು ತೆರಿಗೆ ಬಾಕಿಯ ಹರಾಜಿನಲ್ಲಿ ಬಿಡಿಬಿಡಿಯಾಗಿ ಕೊಂಡು ಮರುಮಾರಾಟ ಮಾಡುವವರು ಹೀಗೆ ಸುಲಭವಾಗಿ ಜಾರಿಕೊಳ್ಳುತ್ತಾರೆ. ಕಂತಿನ ಒಪ್ಪಂದವನ್ನೂ ಗಮನವಿಟ್ಟು ಓದಿ. ಬಹಳ ಕಡೆ ಕೊನೆಯ ಕಂತು ಕಟ್ಟುವವರೆಗೂ ಹಕ್ಕುಪತ್ರ ಮಾರಿದವರ ಹೆಸರಿನಲ್ಲೇ ಇರುತ್ತದೆ. ನಡುವೆ ಕಟ್ಟಲಾಗದಿದ್ದರೆ ಕೊಟ್ಟ ಹಣವೂ ಹೋಯಿತು, ಜಮೀನೂ ಹೋಯಿತು. ಅದೇ ಐದೆಕರೆ ಮುಂದಿನವರಿಗೆ ಮತ್ತೆ ಜಾಹೀರಾತಾಗುತ್ತದೆ. ಒಂದೇ ತುಂಡು ಎಷ್ಟು ಕೈ ಬದಲಾಗಿದೆ ಎಂದು ಕೌಂಟಿ ರೆಕಾರ್ಡರ್ ಕಚೇರಿಯ ಭೂದಾಖಲೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಕೊಂಡವರು ಕೈಬಿಟ್ಟು ಹೋಗುವುದರಿಂದಲೇ ಈ ವ್ಯಾಪಾರ ನಡೆಯುತ್ತಿದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಈಗ ನೀರಿನ ಲೆಕ್ಕ. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 620 ಗ್ಯಾಲನ್ ನೀರು (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್). ವರ್ಷಕ್ಕೆ ಹತ್ತು ಇಂಚು ಬೀಳುವ ಕಡೆ, ಸೋರಿ ಆರಿ ಹೋದದ್ದನ್ನು ಕಳೆದರೆ, ಕೈಗೆ ಸಿಗುವುದು ಐದು ಸಾವಿರ ಗ್ಯಾಲನ್ ಅಂದುಕೊಳ್ಳಿ. ಇಬ್ಬರೇ ಇದ್ದು, ತಲೆಗೆ ದಿನಕ್ಕೆ 20 ಗ್ಯಾಲನ್‌ನಲ್ಲಿ ಹಿಡಿದು ಬಳಸಿದರೂ ವರ್ಷಕ್ಕೆ 14,600 ಬೇಕು. ಅಮೆರಿಕದ ಸಾಮಾನ್ಯ ಕುಟುಂಬ ಮನೆಯಲ್ಲಿ ದಿನಕ್ಕೆ 300 ಗ್ಯಾಲನ್ ದಾಟಿ ಖರ್ಚು ಮಾಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ 20 ಎಷ್ಟು ಬಿಗಿ ಎಂದು ತಿಳಿಯುತ್ತದೆ. ಅರಿಝೋನಾ ಕಡೆ ಮಳೆಯ ದೊಡ್ಡ ಪಾಲು ಬೇಸಿಗೆಯ ಮಾನ್ಸೂನಿನಲ್ಲಿ ಒಮ್ಮೆಲೇ ಸುರಿಯುತ್ತದೆ. ಆಗ ಹಿಡಿದಿಡಲು ದೊಡ್ಡ ಟ್ಯಾಂಕು ಬೇಕು. ಟ್ಯಾಂಕಿನ ಬೆಲೆ ಕೆಲವೊಮ್ಮೆ ಜಮೀನಿಗಿಂತ ಹೆಚ್ಚು.

ಉಳಿದದ್ದನ್ನು ಪಿಕಪ್‌ನಲ್ಲಿ ತರುತ್ತೇವೆ ಎನ್ನುತ್ತೀರಿ. 275 ಗ್ಯಾಲನ್‌ನ ಚೌಕಟ್ಟಿನ ಟ್ಯಾಂಕ್ ತುಂಬಿದರೆ ನೀರೇ 1,040 ಕಿಲೋ ತೂಗುತ್ತದೆ. ಅರ್ಧ ಟನ್ನಿನ ಪಿಕಪ್ ಎಂದು ಕರೆಯುವ ಗಾಡಿಗಳಲ್ಲಿ ಹೆಚ್ಚಿನವು ಅಷ್ಟು ಹೊರಲು ಮಾಡಿದವಲ್ಲ. ಆ ಒಂದು ಟ್ಯಾಂಕು ಇಬ್ಬರಿಗೆ ಒಂದು ವಾರ ಬರುತ್ತದೆ. ಮೊದಲ ವರ್ಷ ಇದು ಸಾಹಸವಾಗಿರುತ್ತದೆ. ಸೊಂಟ ನೋವು ಬಂದ ವರ್ಷ, ಗಾಡಿ ಕೆಟ್ಟ ವಾರ, ಮಣ್ಣಿನ ರಸ್ತೆ ಮಳೆಗೆ ಅಂಟುಗಟ್ಟಿ ಚಕ್ರ ಹೂತ ದಿನ ಇದು ಏನಾಗಿರುತ್ತದೆ ಎಂದು ಮನೆಯವರೆಲ್ಲ ಕೂತು ಮಾತಾಡಿ.

ನೀರು ಮಾರುವ ಊರು ಮಾರುತ್ತಲೇ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಅರಿಝೋನಾದಲ್ಲಿ ಜಮೀನನ್ನು ಆರು ಅಥವಾ ಹೆಚ್ಚು ಭಾಗ ಮಾಡಿದರೆ ಅದು ಬಡಾವಣೆ. ಫೀನಿಕ್ಸ್ ಸುತ್ತಲಿನಂಥ ಅಂತರ್ಜಲ ನಿಯಂತ್ರಿತ ಪ್ರದೇಶಗಳಲ್ಲಿ ಅಂಥ ಬಡಾವಣೆಗೆ ನೂರು ವರ್ಷದ ನೀರಿದೆ ಎಂದು ತೋರಿಸಬೇಕು. ಐದೇ ಭಾಗ ಮಾಡಿದರೆ ಆ ಪ್ರಶ್ನೆಯೇ ಇಲ್ಲ. ಹೀಗೆ ಐದೈದಾಗಿ ಬೆಳೆದದ್ದೇ ಸ್ಕಾಟ್ಸ್‌ಡೇಲ್ ಪಕ್ಕದ ರಿಯೋ ವರ್ಡೆ ಫುಟ್‌ಹಿಲ್ಸ್. ಅಲ್ಲಿನ ನೂರಾರು ಮನೆಗಳು ಲಾರಿ ನೀರನ್ನೇ ನಂಬಿದ್ದವು. ಬಡವರ ಗುಡಿಸಲುಗಳಲ್ಲ, ದುಬಾರಿ ಮನೆಗಳೇ. ಕೊಲರಾಡೋ ನದಿ ಬತ್ತುತ್ತಿದೆ, ನಮ್ಮವರಿಗೇ ಸಾಲದು ಎಂದು ಸ್ಕಾಟ್ಸ್‌ಡೇಲ್ ನಗರ 2023ರ ಜನವರಿ 1ರಿಂದ ಅವರ ಲಾರಿಗಳಿಗೆ ನೀರು ನಿಲ್ಲಿಸಿತು. ಕೊನೆಗೆ ರಾಜ್ಯದ ಶಾಸನಸಭೆ ನಡುವೆ ಬಂದು ತಾತ್ಕಾಲಿಕ ದಾರಿ ಹುಡುಕಬೇಕಾಯಿತು. ದೊಡ್ಡ ನಗರದ ಪಕ್ಕದಲ್ಲಿ, ದನಿ ಎತ್ತಬಲ್ಲ ಜನರಿಗೇ ಹೀಗಾಯಿತು. ಅದೇ ರಾಜ್ಯದ ಅಪಾಚೆ ಕೌಂಟಿಯ ನಡುಬಯಲಿನ ಒಂಟಿ ಮನೆಗೆ ಯಾವ ಶಾಸನಸಭೆ ಸೇರುತ್ತದೆ?

ಬಾವಿ ತೋಡಿಸಬಹುದು, ಹೌದು. ಅರಿಝೋನಾದಲ್ಲಿ ಮನೆ ಬಳಕೆಯ ಸಣ್ಣ ಬಾವಿಗೆ ಕಾನೂನು ಉದಾರವಾಗಿದೆ. ಆಳ ಮಾತ್ರ ಉದಾರವಾಗಿಲ್ಲ. ಹಲವೆಡೆ ನೂರಾರು ಅಡಿ ಹೋಗಬೇಕು, ಖರ್ಚು ಹತ್ತಾರು ಸಾವಿರ ಡಾಲರ್ ಮುಟ್ಟುತ್ತದೆ, ಸಿಕ್ಕ ನೀರಿನಲ್ಲಿ ಆರ್ಸೆನಿಕ್ ಇರಬಹುದು. ಕೊಚೀಸ್ ಕೌಂಟಿಯ ಕಥೆ ನೋಡಿ. ನಾಲ್ಕು ಎಕರೆ ಅಥವಾ ಹೆಚ್ಚಿರುವ ಗ್ರಾಮೀಣ ಜಾಗದಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಕಟ್ಟಡ ತಪಾಸಣೆಯಿಂದ ಹೊರಗುಳಿಯುವ ಅವಕಾಶ ಕೊಟ್ಟ ಕೌಂಟಿ ಅದು, ಊರಿನ ವಿದ್ಯುತ್ತು, ನೀರಿನ ಜಾಲದ ಹಂಗಿಲ್ಲದೆ ಬದುಕುವ ‘ಆಫ್-ಗ್ರಿಡ್’ ಜನರಿಗೆ ಅಚ್ಚುಮೆಚ್ಚು. ಅದೇ ಕೌಂಟಿಯ ವಿಲ್‌ಕಾಕ್ಸ್ ಮತ್ತು ಡಗ್ಲಸ್ ಕಣಿವೆಗಳಲ್ಲಿ ದೊಡ್ಡ ತೋಟಗಳು, ಭಾರಿ ಡೈರಿಗಳು ವರ್ಷಗಟ್ಟಲೆ ಮಿತಿಯಿಲ್ಲದೆ ಅಂತರ್ಜಲ ಎಳೆದವು. ಸಣ್ಣ ಬಾವಿಗಳು ಬತ್ತಿದವು, ನೆಲ ಕುಸಿದು ಬಿರುಕು ಬಿಟ್ಟಿತು. 2022ರ ನವೆಂಬರಿನಲ್ಲಿ ಡಗ್ಲಸ್ ಭಾಗದವರು ಮತ ಹಾಕಿ ನಿಯಂತ್ರಣ ತಂದುಕೊಂಡರು. ವಿಲ್‌ಕಾಕ್ಸ್‌ನಲ್ಲಿ ಮತ ಸೋತಿತು, ಆಮೇಲೆ ರಾಜ್ಯವೇ ಕೈಹಾಕಿತು. ನಿಮ್ಮ ಗೋಡೆಯನ್ನು ಯಾರೂ ತಪಾಸಣೆ ಮಾಡದ ಊರಿನಲ್ಲಿ ಪಕ್ಕದವರ ಪಂಪನ್ನೂ ಯಾರೂ ತಪಾಸಣೆ ಮಾಡಿರಲಿಲ್ಲ.

ಕೊಲರಾಡೋದ್ದು ಇನ್ನೊಂದು ರೀತಿ. ಅಲ್ಲಿ ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡು ಬರುವುದಿಲ್ಲ. 35 ಎಕರೆಗಿಂತ ಚಿಕ್ಕ ನಿವೇಶನಕ್ಕೆ ಬಾವಿ ಪರವಾನಗಿ ಸಿಕ್ಕರೂ ಬಹಳ ಕಡೆ ಮನೆಯೊಳಗಿನ ಬಳಕೆಗೆ ಮಾತ್ರ. ಅಂದರೆ ತರಕಾರಿ ಪಾತಿಗಿಲ್ಲ, ಮೇಕೆಗಿಲ್ಲ. ಮಳೆನೀರಿನ ಪೀಪಾಯಿ ಇಡುವುದಕ್ಕೇ 2016ರ ತನಕ ಕಾಯಬೇಕಾಯಿತು, ಅದೂ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್. ಸ್ವಂತ ಬಾವಿಯ ಕೆಲವು ಮನೆಗಳಿಗೆ ಬೇರೆ ಪರವಾನಗಿಯ ದಾರಿ ಇದೆ, ಆದರೆ ಕೇಳಿಯೇ ಪಡೆಯಬೇಕು. ಕಾಸ್ಟಿಯಾದಲ್ಲಂತೂ ಸೆಪ್ಟಿಕ್ ಟ್ಯಾಂಕ್ ಇಲ್ಲದೆ ಟ್ರೈಲರ್ (ಗಾಲಿಯ ಮೇಲಿನ ಮನೆ) ಹಾಕಿಕೊಂಡವರ ಮೇಲೆ ಕೌಂಟಿ ಬಿಗಿಯಾಗಿ ಕ್ರಮ ತೆಗೆದುಕೊಂಡಿದೆ. ಏಳೂವರೆ ಸಾವಿರ ಅಡಿ ಎತ್ತರದ ಚಳಿಯಲ್ಲಿ ಟ್ರೈಲರ್‌ನಿಂದ ಹೊರಬೀಳುವುದು ಸಣ್ಣ ಮಾತಲ್ಲ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಲಿಗೆ ಬರವಿಲ್ಲ, ಪ್ಯಾನೆಲ್ ಅಗ್ಗವಾಗಿದೆ. ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬುದೊಂದು ನೆನಪಿರಲಿ. ಇಂಥ ಬದುಕಿನ ಬಗೆಗಿನ ಯೂಟ್ಯೂಬ್ ವಿಡಿಯೋಗಳೆಲ್ಲ ಪ್ಯಾನೆಲ್ ಬಗ್ಗೆಯೇ ಇರುವುದು ಅದು ಸುಲಭದ ಭಾಗವಾದ್ದರಿಂದ.

ದಾರಿಯ ವಿಷಯ ಮಾತ್ರ ಬಿಡುವಂತಿಲ್ಲ. ನಕ್ಷೆಯಲ್ಲಿ ರಸ್ತೆ ಇದೆ ಅಂದರೆ ನಿಮಗೆ ಹೋಗುವ ಹಕ್ಕಿದೆ ಎಂದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಕಂಪನಿಗಳಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಗಳನ್ನು ದಾನ ಕೊಟ್ಟಿದ್ದರಿಂದ ಉತ್ತರ ಅರಿಝೋನಾದ ದೊಡ್ಡ ಭಾಗ ಇಂದಿಗೂ ಚದುರಂಗದ ಹಾಸಿನಂತಿದೆ: ಒಂದು ಚೌಕ ಖಾಸಗಿ, ಪಕ್ಕದ್ದು ಸರ್ಕಾರದ್ದು. ದಾಟಿಹೋಗುವ ಹಕ್ಕು ಬರವಣಿಗೆಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ಖನಿಜದ ಹಕ್ಕೂ ಹಾಗೆಯೇ. 1916ರ ಪಶುಪಾಲನಾ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಕೊಟ್ಟ ಜಾಗಗಳ ಅಡಿಯ ಖನಿಜವನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಂಡಿದೆ. ಯಾವ ಭರವಸೆಯನ್ನೂ ಕೊಡದ ಕ್ವಿಟ್‌ಕ್ಲೇಮ್ ಪತ್ರ ಹಿಡಿಸಿದರೆ ಟೈಟಲ್ ವಿಮೆ (ಹಕ್ಕಿನಲ್ಲಿ ದೋಷ ಬಂದರೆ ನಷ್ಟ ತುಂಬುವ ವಿಮೆ) ಕೇಳಿ. ಅದಕ್ಕೆ ಮಾರುವವರು ಹಿಂದೆ ಸರಿದರೆ ನೀವೂ ಸರಿಯಿರಿ.

ಇನ್ನೊಂದು ಮಾತು ನನ್ನ ಮನಸ್ಸನ್ನು ಬಹಳ ಕೊರೆಯುತ್ತದೆ. ಇದೇ ನೆಲದಲ್ಲಿ ಮೂಲನಿವಾಸಿಗಳಾದ ನವಾಹೋ ಜನರ ಸುಮಾರು ಮೂರನೇ ಒಂದು ಭಾಗದ ಮನೆಗಳಿಗೆ ಇವತ್ತೂ ನಲ್ಲಿ ನೀರಿಲ್ಲ. ಅವರು ದೂರದಿಂದ ಪೀಪಾಯಿಗಳಲ್ಲಿ ನೀರು ತರುತ್ತಾರೆ. ಕೆಲವು ಬಾವಿಗಳಲ್ಲಿ ಹಳೆಯ ಗಣಿಗಾರಿಕೆಯ ಯುರೇನಿಯಂ ಇದೆ. ನೀರು ದೊರಕಿಸುವ ಕ್ರಮ ಸರ್ಕಾರ ಕೈಗೊಳ್ಳಲೇಬೇಕೆಂಬ ಅವರ ವಾದವನ್ನು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ತಳ್ಳಿಹಾಕಿತು. ನಾವು ಸ್ವಾತಂತ್ರ್ಯ ಎಂದು ಆಯ್ದುಕೊಳ್ಳ ಹೊರಟದ್ದನ್ನು ಅವರು ತಲೆಮಾರುಗಳಿಂದ ಅನ್ಯಾಯವೆಂದು ಅನುಭವಿಸುತ್ತಿದ್ದಾರೆ. ನೀರು ಹೊತ್ತು ಬದುಕುವುದು ಹೇಗಿರುತ್ತದೆ ಎಂದು ಕೇಳಬೇಕಾದರೆ ಅವರನ್ನು ಕೇಳಬೇಕು, ವಿಡಿಯೋ ಮಾಡುವವರನ್ನಲ್ಲ.

ಹಾಗಾದರೆ ಇದು ಆಗದ ಮಾತೇ? ಅಲ್ಲ. ಟೆಕ್ಸಾಸ್‌ನ ಟರ್ಲಿಂಗ್ವಾ ಕಡೆ ಚಾವಣಿಯ ಮಳೆನೀರನ್ನೇ ನೆಚ್ಚಿ ಬದುಕುವವರು ಬಹಳ ಮಂದಿ ಇದ್ದಾರೆ. ಮಳೆ ಕೊಯ್ಲಿನ ಸಲಕರಣೆಗೆ ಆ ರಾಜ್ಯ ಮಾರಾಟ ತೆರಿಗೆಯನ್ನೇ ಬಿಟ್ಟಿದೆ. ನ್ಯೂ ಮೆಕ್ಸಿಕೋದ ಟಾವೋಸ್ ಹತ್ತಿರ ಅರ್ತ್‌ಶಿಪ್ ಮನೆಗಳಿವೆ, ಹಳೆಯ ಟೈರಿಗೆ ಮಣ್ಣು ತುಂಬಿ ಕಟ್ಟಿದವು. ಅಲ್ಲಿ ಸ್ನಾನದ ನೀರು ಮನೆಯೊಳಗಿನ ಗಿಡಗಳಿಗೆ, ಅಲ್ಲಿಂದ ಶೌಚಾಲಯಕ್ಕೆ ಹೋಗುತ್ತದೆ. ಇವರೆಲ್ಲ ಮೊದಲು ಚಾವಣಿ ಮತ್ತು ಟ್ಯಾಂಕಿನ ಲೆಕ್ಕ ಹಾಕಿ ಆಮೇಲೆ ಮನೆಯ ಅಳತೆ ನಿರ್ಧರಿಸಿದವರು. ಮರುಭೂಮಿ ನಿಮಗೆ ಒಗ್ಗುತ್ತದೆಯೇ ಎಂದು ನೋಡುವುದಕ್ಕೂ ಜಮೀನು ಕೊಳ್ಳಬೇಕಿಲ್ಲ. ಅರಿಝೋನಾದ ಕ್ವಾರ್ಟ್‌ಸೈಟ್ ಬಳಿ ಸರ್ಕಾರಿ ಜಾಗದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ಬಿಡಾರ ಹೂಡಬಹುದು. ಬೇಸಿಗೆಯ ನಡುವೆಯೂ ಒಮ್ಮೆ ಆ ಕಡೆ ಹೋಗಿ ಬನ್ನಿ.

ಅದಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಮಾರುವವರಿಗೆ ಫೋನ್ ಮಾಡುವ ಮುನ್ನ ಕೌಂಟಿಯ ಯೋಜನಾ ಕಚೇರಿಗೆ ಮಾಡಿ, ಜಮೀನಿನ ಗುರುತಿನ ಸಂಖ್ಯೆ (ಪಾರ್ಸೆಲ್ ಸಂಖ್ಯೆ) ಹೇಳಿ, ಇಲ್ಲಿ ಮನೆ ಕಟ್ಟಲು, ಸೆಪ್ಟಿಕ್ ಹಾಕಲು ಏನು ಬೇಕು ಎಂದು ಕೇಳಿ. ನೆಲದಡಿ ಕ್ಯಾಲಿಚೆ ಎಂಬ ಸುಣ್ಣದ ಗಟ್ಟಿ ಪದರವಿದ್ದರೆ ಸೆಪ್ಟಿಕ್ ಖರ್ಚು ಏರುತ್ತದೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ ಜಮೀನನ್ನು ಸೀಳುತ್ತದೆಯೇ ಎಂದೂ ಕೇಳಿ. ಆಮೇಲೆ ರಾಜ್ಯದ ಜಲ ಇಲಾಖೆಯ ಬಾವಿ ದಾಖಲೆ ತೆರೆಯಿರಿ. ಅರಿಝೋನಾ, ಕೊಲರಾಡೋ, ನ್ಯೂ ಮೆಕ್ಸಿಕೋ, ಟೆಕ್ಸಾಸ್ ನಾಲ್ಕೂ ಕಡೆ ಅದು ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ತುಂಡಿನ ಸುತ್ತ ಒಂದೆರಡು ಮೈಲಿಯಲ್ಲಿ ಯಾರು ಎಷ್ಟು ಆಳ ತೋಡಿದರು, ನೀರು ಎಷ್ಟಡಿಗೆ ಬಂತು, ಯಾವ ವರ್ಷ ಬಂತು ಎಂದು ನೋಡಿ. ಸುತ್ತ ಒಂದೂ ಬಾವಿ ಇಲ್ಲದಿದ್ದರೆ ಅಲ್ಲಿ ಯಾಕೆ ಯಾರೂ ತೋಡಲಿಲ್ಲ ಎಂದು ಹತ್ತಿರದ ಊರಿನಲ್ಲಿ ಬಾವಿ ಕೊರೆಯುವವರನ್ನೇ ಕೇಳಿ. ಅವರಿಗೆ ಆ ನೆಲ ಮಾರಿ ಆಗಬೇಕಾದ್ದೇನೂ ಇಲ್ಲ.